ಹಳೆ ವ್ಯಾನ್ ಕ್ಯಾಂಪರ್ ಆಗಬೇಕೇ? ಮೊದಲು ನೆಲ ಬಿಚ್ಚಿ ನೋಡಿ

ಪ್ರಶ್ನೆ: ನಮ್ಮ ತಂದೆ ಶಾಲೆ ಮಕ್ಕಳಿಗಾಗಿ ಓಡಿಸುತ್ತಿದ್ದ 1998ರ ಟೆಂಪೊ ಟ್ರಾವೆಲರ್ ತೋಟದ ಶೆಡ್ಡಿನಲ್ಲಿ ನಿಂತಿದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ. ಮಲಗಲು, ಅಡುಗೆ ಮಾಡಲು ಅನುಕೂಲ ಇರುವ ಕ್ಯಾಂಪರ್ ವ್ಯಾನ್ ಮಾಡಿಸುವ ಆಸೆ. ಕಾರ್ಪೆಂಟರ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಕೆಲಸ ಎಲ್ಲಿಂದ ಶುರು ಮಾಡಲಿ?
— ಓದುಗರು, ಹೊಳಲ್ಕೆರೆ

ಉತ್ತರ: ಕಾರ್ಪೆಂಟರ್‌ಗೆ ಇವತ್ತೇ ಫೋನ್ ಮಾಡಿ, ಸ್ವಲ್ಪ ದಿನ ತಡೆಯಿರಿ ಅಂತ ಹೇಳಿ. ಅವರ ಕೆಲಸ ಬರುವುದು ಕೊನೆಗೆ. ಮೊದಲು ಟಿಂಕರಿಂಗ್, ಆಮೇಲೆ ವೈರಿಂಗ್, ಅದಾದ ಮೇಲೆ ಮರದ ಕೆಲಸ. ಈ ಕ್ರಮ ತಪ್ಪಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚೆಂದದ ಕಪಾಟುಗಳನ್ನೆಲ್ಲ ಕಿತ್ತು ಕೆಳಗಿನ ತಗಡಿಗೆ ವೆಲ್ಡಿಂಗ್ ಹಾಕಿಸಬೇಕಾಗುತ್ತದೆ.

ಶಾಲೆ ವ್ಯಾನ್ ಅಂದಿರಲ್ಲ, ಹಾಗಾದರೆ ಸೀಟುಗಳನ್ನೆಲ್ಲ ಬಿಚ್ಚಿ. ಅಡಿಯಲ್ಲಿರುವ ರೆಕ್ಸಿನ್ ಹಾಸು, ಪ್ಲೈವುಡ್ ಎಲ್ಲ ಹೊರಗೆ ಬರಲಿ. ಸೀಟಿನ ಬೋಲ್ಟ್ ಹಾಕಲು ನೆಲದಲ್ಲಿ ತೂತು ಕೊರೆದಿರುತ್ತಾರೆ. ಮಕ್ಕಳ ಒದ್ದೆ ಚಪ್ಪಲಿಯ ನೀರು ವರ್ಷಗಟ್ಟಲೆ ಇಳಿದದ್ದು ಆ ತೂತುಗಳಲ್ಲೇ. ತುಕ್ಕು ಅಲ್ಲಿಂದ ಶುರುವಾಗಿರುತ್ತದೆ. ಆಮೇಲೆ ಬಾಗಿಲ ಕೆಳಗಿನ ಪೆಟ್ಟಿಗೆ ಭಾಗ, ಚಕ್ರದ ಮೇಲಿನ ಕಮಾನು, ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಅಡಿ, ಬ್ಯಾಟರಿ ಕೂರುವ ತಟ್ಟೆ, ಚಾವಣಿ ಅಂಚಿನ ನೀರಿನ ಕಾಲುವೆ ನೋಡಿ. ಜರ್ಮನಿಯಲ್ಲಿ 1950ರಿಂದ ತಯಾರಾದ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನ್‌ಗಳನ್ನು ಇವತ್ತಿಗೂ ಪ್ರೀತಿಯಿಂದ ರಿಪೇರಿ ಮಾಡುವವರಿದ್ದಾರೆ. ಅವರು ಮೊದಲು ತಡಕುವುದೂ ಹೆಚ್ಚುಕಮ್ಮಿ ಇದೇ ಜಾಗಗಳನ್ನು. ನೀರು ನಿಲ್ಲುವ ಕಡೆ ತಗಡು ತಿಂದುಹೋಗುತ್ತದೆ, ಗಾಡಿ ಯಾವ ದೇಶದ್ದಾದರೂ ಅಷ್ಟೇ.

ಪರೀಕ್ಷೆಗೆ ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಅಯಸ್ಕಾಂತ ಸಾಕು. ಅಯಸ್ಕಾಂತ ಹಿಡಿಯದ ಕಡೆ ಪೇಂಟಿನ ಅಡಿ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗೆ ಹೋಗುವ ತಗಡನ್ನು ಉಳಿಸಲು ಹೋಗಬೇಡಿ. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ಹೊಸದು ಕೂರಿಸಿ. ಹಳೆ ತಗಡಿನ ಮೇಲೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡುವುದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಎರಡರ ನಡುವೆ ತೇವ ಸಿಕ್ಕಿಹಾಕಿಕೊಳ್ಳುತ್ತದೆ, ಹೊಸದೂ ಹಾಳಾಗುತ್ತದೆ.

ದಾವಣಗೆರೆಯಲ್ಲಿ ಲಾರಿ ಕೆಲಸದ ವೆಲ್ಡರ್‌ಗಳಿಗೆ ಕೊರತೆಯಿಲ್ಲ. ಆದರೆ ಲಾರಿ ಚಾಸಿಯ ಕೆಲಸ ಬೇರೆ, ವ್ಯಾನಿನ ತೆಳು ತಗಡಿನ ಕೆಲಸ ಬೇರೆ. ತೆಳು ತಗಡಿಗೆ ಕಡ್ಡಿ ವೆಲ್ಡಿಂಗ್ ಹಾಕಿದರೆ ಸುಟ್ಟು ತೂತು ಬೀಳುತ್ತದೆ. ಸಿಒಟು ವೆಲ್ಡಿಂಗ್ (ಕಡ್ಡಿಯ ಬದಲು ತೆಳು ತಂತಿ, ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಳಸುವಂಥದ್ದು) ಮಾಡುವವರನ್ನೇ ಹುಡುಕಿ. ಒಂದೇ ಕಡೆ ಉದ್ದಕ್ಕೆ ಎಳೆಯದೆ, ಇಲ್ಲೊಂದು ಅಲ್ಲೊಂದು ಚುಕ್ಕೆ ಹಾಕುತ್ತಾ, ಆರಲು ಬಿಟ್ಟು ಮಾಡಿಸಿ. ಇಲ್ಲದಿದ್ದರೆ ತಗಡು ಬಿಸಿಗೆ ಸೊಟ್ಟಗಾಗುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ವೈರ್ ಬಿಚ್ಚಿಸಿ. ಡೀಸೆಲ್ ಟ್ಯಾಂಕ್ ಹತ್ತಿರದ ಕೆಲಸವಾದರೆ ಟ್ಯಾಂಕನ್ನೇ ಇಳಿಸಿ ದೂರ ಇಡಿಸಿ. ಅವಸರದಲ್ಲಿ ಈ ಮಾತನ್ನು ಬಿಟ್ಟುಬಿಡುತ್ತಾರೆ, ನೀವು ಎದುರಿಗೇ ನಿಂತು ನೋಡಿಕೊಳ್ಳಿ.

ವೆಲ್ಡಿಂಗ್ ಆದ ಮೇಲೆ ಎಪಾಕ್ಸಿ ಪ್ರೈಮರ್, ಜಾಯಿಂಟ್‌ಗಳಿಗೆ ಸೀಲೆಂಟ್, ಕೈ ಹೋಗದ ಪೆಟ್ಟಿಗೆ ಭಾಗಗಳ ಒಳಗೆ ಮೇಣದ ಸ್ಪ್ರೇ. ಕಂಪನಿಯವರೇ ಕೊಟ್ಟಿರುವ ನೀರು ಹೋಗುವ ತೂತುಗಳು ಕೆಳಗಿರುತ್ತವೆ. ಅವನ್ನು ಮುಚ್ಚಬೇಡಿ, ತಂತಿ ಹಾಕಿ ಕ್ಲೀನ್ ಮಾಡಿ.

ಎಂಜಿನ್ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಟ್ರಾವೆಲರ್ 1987ರಲ್ಲಿ ಬಂದಾಗ ಅದಕ್ಕೆ ಕೂರಿಸಿದ್ದು ಮರ್ಸಿಡಿಸ್ ಮೂಲದ 2.4 ಲೀಟರ್ ಡೀಸೆಲ್ ಎಂಜಿನ್. ಅದೇ ಸಾಲಿನ ಎಂಜಿನ್ ನಿಮ್ಮದಾದರೆ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ನಮ್ಮ ಕಡೆ ಇನ್ನೂ ಇದ್ದಾರೆ. ಸಿಗದ ಬುಷ್, ಪಿನ್ ಇದ್ದರೆ ಹರಿಹರದಲ್ಲಿ ಮಾಡಿಸಬಹುದು. 1941ರಲ್ಲಿ ಲೇತ್ ಯಂತ್ರ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಬಂದ ಊರು ಅದು. ಕಾರ್ಖಾನೆ ನಿಂತರೂ ಲೇತ್ ಕೆಲಸ ಗೊತ್ತಿರುವವರು ಉಳಿದಿದ್ದಾರೆ. ಆದರೆ ನಿಂತ ಗಾಡಿಯ ಬ್ರೇಕ್ ಹೋಸ್, ವೀಲ್ ಸಿಲಿಂಡರ್, ಕೂಲೆಂಟ್ ಪೈಪ್, ಟಯರ್ ಇಷ್ಟನ್ನು ನೋಡಲು ಚೆನ್ನಾಗಿದ್ದರೂ ಬದಲಿಸಿಯೇ ರಸ್ತೆಗೆ ಇಳಿಸಿ.

ಇನ್ನು ತೂಕ. 18 ಎಂಎಂ ಪ್ಲೈವುಡ್‌ನ ಎಂಟು ಅಡಿ ನಾಲ್ಕು ಅಡಿಯ ಒಂದು ಹಾಳೆ ಸುಮಾರು 35 ಕೆ.ಜಿ. ತೂಗುತ್ತದೆ. ಮನೆ ಕಪಾಟು ಮಾಡಿ ರೂಢಿಯಿರುವ ಕಾರ್ಪೆಂಟರ್ ಅದನ್ನೇ ಬಳಸುತ್ತಾರೆ. ನೀವು 9 ಅಥವಾ 12 ಎಂಎಂ ಸಾಕು ಅನ್ನಿ. ನೂರು ಲೀಟರ್ ನೀರಿನ ಟ್ಯಾಂಕ್ ತುಂಬಿದರೆ ಮತ್ತೆ ನೂರು ಕೆ.ಜಿ. ಬಿಚ್ಚಿದ ಖಾಲಿ ಗಾಡಿಯನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಮ್ಮೆ, ಹಿಂದಿನದು ಮಾತ್ರ ಹತ್ತಿಸಿ ಇನ್ನೊಮ್ಮೆ. ಎಲ್ಲ ಮುಗಿದ ಮೇಲೂ ಹಾಗೇ ಮಾಡಿ. ಒಟ್ಟು ತೂಕ ಆರ್‌ಸಿಯಲ್ಲಿ ಬರೆದಿರುವ ಮಿತಿಯ ಒಳಗೇ ಇರಬೇಕು, ಒಂದೇ ಬದಿಗೆ ವಾಲಲೂಬಾರದು.

ಪ್ರಶ್ನೆ: ವ್ಯಾನಿನಲ್ಲಿ ಸಣ್ಣ ಫ್ರಿಜ್, ಫ್ಯಾನ್, ಲೈಟ್, ಇಂಡಕ್ಷನ್ ಒಲೆ ಇಡಬೇಕು. ಮನೆಯ ಹಳೆ ಇನ್ವರ್ಟರ್ ಬ್ಯಾಟರಿ ಸಾಕಾಗುತ್ತದೆಯೇ?
— ಓದುಗರು, ದಾವಣಗೆರೆ

ಉತ್ತರ: ಲೆಕ್ಕ ಹಾಕೋಣ. 12 ವೋಲ್ಟ್ ಕಂಪ್ರೆಸರ್ ಫ್ರಿಜ್ 45 ವ್ಯಾಟ್‌ನದು, ದಿನದ ಅರ್ಧ ಹೊತ್ತು ಓಡುತ್ತದೆ ಅಂದುಕೊಳ್ಳಿ. ಅದಕ್ಕೆ ದಿನಕ್ಕೆ 540 ವ್ಯಾಟ್-ಅವರ್ ಬೇಕು. 20 ವ್ಯಾಟ್ ಫ್ಯಾನ್ ಹತ್ತು ತಾಸು ಓಡಿದರೆ 200. ಲೈಟು, ಮೊಬೈಲ್ ಚಾರ್ಜಿಗೆ ಇನ್ನೊಂದು 120. ಒಟ್ಟು 860. ಮನೆಯ 150 ಆಂಪಿಯರ್-ಅವರ್ ಬ್ಯಾಟರಿ ಹೊಸದಿದ್ದಾಗ 1,800 ಕೊಡಬಲ್ಲದು, ಆದರೆ ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ನಿಮ್ಮದು ಹಳೆಯದು ಬೇರೆ. ತೂಕ 50 ಕೆ.ಜಿ. ದಾಟುತ್ತದೆ, ಆಸಿಡ್ ಇರುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಜಾಗದಲ್ಲಿ ಅದು ಬೇಡ. 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 1,280 ವ್ಯಾಟ್-ಅವರ್ ಕೊಡುತ್ತದೆ, ಹದಿನೈದು ಕೆ.ಜಿ.ಯೂ ತೂಗುವುದಿಲ್ಲ. ಚಾವಣಿ ಮೇಲೆ 300 ವ್ಯಾಟ್ ಸೋಲಾರ್ ಹಾಕಿದರೆ ನಮ್ಮ ಬಯಲುಸೀಮೆಯ ಬಿಸಿಲಿಗೆ ಒಳ್ಳೆ ದಿನದಲ್ಲಿ ಖರ್ಚಾದಷ್ಟು ವಾಪಸ್ ಬರುತ್ತದೆ. ಗಾಡಿ ಓಡುವಾಗ ಚಾರ್ಜ್ ಮಾಡಲು ಆಲ್ಟರ್ನೇಟರ್‌ನಿಂದ ನೇರ ವೈರ್ ಎಳೆಯಬೇಡಿ. ನಡುವೆ ಕರೆಂಟನ್ನು ಬ್ಯಾಟರಿಗೆ ತಕ್ಕ ಹಾಗೆ ಹದ ಮಾಡಿ ಕೊಡುವ ಡಿಸಿ-ಡಿಸಿ ಚಾರ್ಜರ್ ಇರಲಿ.

ಇಂಡಕ್ಷನ್ ಒಲೆ ಬಿಟ್ಟುಬಿಡಿ. 1,500 ವ್ಯಾಟ್ ಒಲೆಗೆ 12 ವೋಲ್ಟ್‌ನಲ್ಲಿ 125 ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಹರಿಯುತ್ತದೆ. ಅದನ್ನು ತಡೆಯುವ ವೈರಿಂಗ್ ದುಬಾರಿ, ತಡೆಯದ ವೈರಿಂಗ್ ಬೆಂಕಿಗೆ ದಾರಿ. ಸಣ್ಣ ಗ್ಯಾಸ್ ಒಲೆ ತಂದು ವ್ಯಾನಿನ ಹೊರಗೆ, ನೆರಳಲ್ಲಿ ಅಡುಗೆ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆ ಒಳಗಿನಿಂದ ಪೂರ್ತಿ ಮುಚ್ಚಿರಬೇಕು, ಅದರ ತಳದಿಂದ ಹೊರಕ್ಕೆ ತೂತು ಇರಬೇಕು.

ಒಂದು ಮಾತು ಕಟ್ಟುನಿಟ್ಟು: ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನ ಒಳಗೇ ಇರಲಿ. ದೂರ ಇಟ್ಟರೆ ನಡುವಿನ ವೈರ್ ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದಾಗ ಕಾಪಾಡುವವರಿಲ್ಲ.

ಪ್ರಶ್ನೆ: ನಮ್ಮದು ಹಳೆ ಓಮ್ನಿ. ಚಾವಣಿ ಕತ್ತರಿಸಿ ಮೇಲಕ್ಕೆ ಎತ್ತುವ ಹಾಗೆ ಮಾಡಿದರೆ ನಿಂತುಕೊಳ್ಳಬಹುದು ಅಲ್ವಾ? ಆರ್‌ಟಿಒ ತಕರಾರು ಮಾಡುತ್ತಾರಾ?
— ಓದುಗರು, ಹಿರಿಯೂರು

ಉತ್ತರ: ಚಾವಣಿ ಕತ್ತರಿಸಬೇಡಿ. ಓಮ್ನಿಯಲ್ಲಿ ಬಾಡಿಯೇ ಭಾರ ಹೊರುತ್ತದೆ. ಚಾವಣಿಯ ಅಡ್ಡಪಟ್ಟಿ ತೆಗೆದರೆ ಅದರ ಶಕ್ತಿ ಹೋಗುತ್ತದೆ, ಪಲ್ಟಿ ಹೊಡೆದರೆ ಒಳಗಿದ್ದವರು ಉಳಿಯುವುದು ಕಷ್ಟ. ಕಾನೂನೂ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ಹೊಂದಿಕೆ ತಪ್ಪುವಂತೆ ಗಾಡಿ ಬದಲಿಸಬಾರದು. ಹೊಳಲ್ಕೆರೆಯವರಿಗೂ ಇದು ಅನ್ವಯಿಸುತ್ತದೆ. ಸೀಟು ತೆಗೆದರೂ ಆರ್‌ಸಿಯ ಸೀಟಿನ ಲೆಕ್ಕ ಬದಲಾಗುತ್ತದೆ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಅನ್ನುವ ವರ್ಗ ನಿಯಮದಲ್ಲೇ ಇದೆ. ಆದ್ದರಿಂದ ಮೊದಲು ಕೈಯಲ್ಲಿ ಬರೆದ ನಕ್ಷೆಯಾದರೂ ಹಿಡಿದುಕೊಂಡು ಆರ್‌ಟಿಒ ಕಚೇರಿಗೆ ಹೋಗಿ, ಅನುಮತಿಯನ್ನು ಬರಹದಲ್ಲಿ ಪಡೆದುಕೊಂಡೇ ಕೆಲಸಕ್ಕೆ ಕೈ ಹಾಕಿ. ವಿಮೆ ಕಂಪನಿಗೂ ತಿಳಿಸಿ. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಆ ತಪಾಸಣೆಯಲ್ಲಿ ಕದ್ದು ಮಾಡಿದ ಬದಲಾವಣೆ ಸಿಕ್ಕಿಬೀಳುತ್ತದೆ.

ಓಮ್ನಿಗೆ ನಾನು ಹೇಳುವುದು ಇಷ್ಟೇ: ಬಿಚ್ಚಿ ಹೊರಗಿಡಬಹುದಾದ ಮಡಚುವ ಹಲಗೆ ಹಾಸಿಗೆ, ಹಿಂಬಾಗಿಲಿಗೆ ಕಟ್ಟುವ ಒಂದು ಟಾರ್ಪಾಲಿನ್. 796 ಸಿಸಿ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುವುದರಿಂದ ದಿನವಿಡೀ ಓಡಿಸಿದ ಸಂಜೆ ಆ ಕಡೆ ಬಿಸಿ ಜಾಸ್ತಿ. ತಲೆ ಹಿಂಬಾಗಿಲ ಕಡೆ ಬರುವಂತೆ ಹಾಸಿಗೆ ಹಾಕಿಕೊಳ್ಳಿ, ಕಿಟಕಿಗೆ ಸೊಳ್ಳೆ ಪರದೆ ಹೊಲಿಸಿ.