ಮಗುವಿಗೆ ಮತ್ತೆ ಮೆದುಳು ಜ್ವರ ಬಂದರೆ ಏನನ್ನು ಪರೀಕ್ಷಿಸಬೇಕು?

ಎರಡು ವರ್ಷದ ಮಗನಿಗೆ ಎರಡನೇ ಸಲ ಬ್ಯಾಕ್ಟೀರಿಯಾದಿಂದ ಮೆದುಳು ಜ್ವರ ಬಂದಿದೆ, ಪೆರ್ಲದ ನೆಂಟರು ದೋಷ ಎನ್ನುತ್ತಿದ್ದಾರೆ, ಮುಂದೇನು ಎಂದು ಕೇಳಿದ್ದೀರಿ. ಮೊದಲು ರಕ್ತದ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸೋಂಕನ್ನು ಎದುರಿಸುವ ಪ್ರತಿಕಾಯಗಳ ಪ್ರಮಾಣ ನೋಡಿಸಿ: ಐಜಿಜಿ, ಐಜಿಎ, ಐಜಿಎಂ ಎಂಬ ಮೂರು ಬಗೆ. ತಲೆಬುರುಡೆಯ ಬುಡದಲ್ಲಿ ಅಥವಾ ಒಳಕಿವಿಯಲ್ಲಿ ಬಿರುಕಿದ್ದರೂ ಹೀಗೆ ಮರುಕಳಿಸಬಹುದು; ವೈದ್ಯರು ಸ್ಕ್ಯಾನ್ ಹೇಳಿದರೆ ಅದನ್ನೂ ಮಾಡಿಸಿ.

ನಾನು ಬದಿಯಡ್ಕದವಳು. ನನ್ನ ಮಗನ ಬಾಯಿಗೆ ಟಾರ್ಚ್ ಹಿಡಿದ ಮಕ್ಕಳ ವೈದ್ಯರು, "ಟಾನ್ಸಿಲ್ ತೆಗೆಸಿದ್ದೀರಾ?" ಎಂದು ಕೇಳಿದರು. ತೆಗೆಸಿರಲಿಲ್ಲ, ಅವು ಬೆಳೆದೇ ಇರಲಿಲ್ಲ. ಅಂದೇ ಈ ಪರೀಕ್ಷೆ ಬರೆದುಕೊಟ್ಟರು.

ಪ್ರತಿಕಾಯದ ಕೊರತೆಯಲ್ಲಿ ಹಲವು ಬಗೆಗಳಿವೆ. ನನ್ನ ಮಗನದು ಅಮೆರಿಕದ ವೈದ್ಯ ಆಗ್ಡನ್ ಬ್ರೂಟನ್ 1952ರಲ್ಲಿ ವರದಿ ಮಾಡಿದ ಬಗೆ, ಹೆಚ್ಚಾಗಿ ಗಂಡುಮಕ್ಕಳಿಗೆ ಬರುವಂಥದ್ದು. ಎಕ್ಸ್ ವರ್ಣತಂತುವಿನ ಬಿಟಿಕೆ ಜೀನ್ ಕೆಟ್ಟು, ಪ್ರತಿಕಾಯ ತಯಾರಿಸಬೇಕಾದ ಬಿ ಕೋಶಗಳು ಬೆಳೆಯುವುದಿಲ್ಲ; ಟಾನ್ಸಿಲ್ ಬೆಳೆಯದಿದ್ದುದೂ ಅದಕ್ಕೇ. ಗರ್ಭದಲ್ಲಿ ತಾಯಿಯಿಂದ ಬಂದ ಪ್ರತಿಕಾಯ ಸುಮಾರು ಆರು ತಿಂಗಳಲ್ಲಿ ಮುಗಿಯುತ್ತದೆ. ಕಿವಿ ಸೋರುವುದು, ನ್ಯುಮೋನಿಯಾ ಶುರುವಾಗುವುದು ಸಾಮಾನ್ಯವಾಗಿ ಆಮೇಲೆ. ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳ ಹೊರಗೆ ಜಾರುವ ಕವಚವಿರುತ್ತದೆ. ಪ್ರತಿಕಾಯ ಅಂಟಿಕೊಂಡರಷ್ಟೇ ಬಿಳಿ ರಕ್ತಕಣಗಳು ಅವನ್ನು ಸುಲಭವಾಗಿ ಹಿಡಿದು ನುಂಗುತ್ತವೆ. ಇಲ್ಲದಿದ್ದರೆ ಮೂಗು, ಗಂಟಲಿನಿಂದ ರಕ್ತಕ್ಕೆ, ಅಲ್ಲಿಂದ ಮೆದುಳಿನ ಪೊರೆಗೆ ಇಳಿಯುತ್ತವೆ. ಇದರಲ್ಲಿ ದೋಷವೂ ಇಲ್ಲ, ತಾಯಿಯ ತಪ್ಪೂ ಇಲ್ಲ. ಆದರೆ ತಾಯಿಯ ಕಡೆ ಎಳವೆಯಲ್ಲೇ ತೀರಿಕೊಂಡ ಗಂಡುಮಕ್ಕಳಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ಕೊರತೆ ಖಚಿತವಾದರೆ ಇಮ್ಯುನೋಗ್ಲಾಬ್ಯುಲಿನ್ ಡ್ರಿಪ್ ಮೂರು ನಾಲ್ಕು ವಾರಕ್ಕೊಮ್ಮೆ ಬೇಕು, ಬದುಕಿಡೀ. ದುಬಾರಿ, ಆದರೂ ಬಿಡುವಂತಿಲ್ಲ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಕುಲುಕದೆ ಹೊರಗಿಟ್ಟು, ತಣ್ಣಗಿರುವುದು ಹೋದ ಮೇಲೆ ಬಹಳ ನಿಧಾನವಾಗಿ ಹನಿಸಲು ತೊಡಗುತ್ತಾರೆ. ಮುಂದಿನ ಎರಡು ದಿನಗಳಲ್ಲಿ ತಲೆನೋವು, ಕುತ್ತಿಗೆ ಬಿಗಿತ ಈ ಔಷಧಿಯಿಂದಲೇ ಬರಬಹುದು, ನಿಜವಾದ ಸೋಂಕಿನಿಂದಲೂ ಬರಬಹುದು. ಯಾವುದೆಂದು ಮನೆಯಲ್ಲಿ ಕುಳಿತು ತೀರ್ಮಾನಿಸಬೇಡಿ, ಆಸ್ಪತ್ರೆಗೆ ಓಡಿ. ಡ್ರಿಪ್‌ನ ಪ್ರತಿಕಾಯ ಮೆದುಳಿಗೆ ದಾಟುವುದು ತೀರ ಕಡಿಮೆ. ಸೋಂಕು ಅಲ್ಲಿ ತಲುಪಿದ್ದರೆ ಬೇಕಾದದ್ದು ಆಂಟಿಬಯೋಟಿಕ್, ಅದೂ ತಡವಿಲ್ಲದೆ.

ನಮ್ಮ ಕಡೆಯವರು ಎಲ್ಲಕ್ಕೂ ಮಂಗಳೂರನ್ನೇ ನೆಚ್ಚಿಕೊಂಡಿದ್ದೇವೆ. 2020ರಲ್ಲಿ ಕೋವಿಡ್ ಕಾರಣ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿದ್ದು ನೆನಪಿರಬಹುದು. ಕಾಸರಗೋಡಿನಲ್ಲೂ ಒಬ್ಬ ವೈದ್ಯರಿಗೆ ಮಗುವಿನ ಕಡತದ ಪ್ರತಿ ಕೊಟ್ಟಿಡಿ.

ಪೋಲಿಯೊ ಹನಿ ಹಾಕಲು ಆಶಾ ಕಾರ್ಯಕರ್ತೆ ಮನೆಗೆ ಬಂದರೆ, ರಕ್ತಪರೀಕ್ಷೆಯ ಫಲಿತಾಂಶ ಬಂದು ವೈದ್ಯರು ಹೇಳುವ ತನಕ ಬೇಡವೆನ್ನಿ, ಕಾರಣವನ್ನೂ ತಿಳಿಸಿ. ಆ ಹನಿಯಲ್ಲಿರುವುದು ಜೀವಂತ ವೈರಸ್.