ಗುಂಡು ಹೊಡೆದು ಕೂಡಿಸಿದ ಹಣ ಯಾವ ಸೈನಿಕನ ಮನೆ ಸೇರಬೇಕು?

ಓದುಗರ ಪತ್ರ: ವಿರಾಜಪೇಟೆ ತಾಲ್ಲೂಕಿನ ನಮ್ಮ ಊರಿನಲ್ಲಿ ಕೋವಿ ಇಟ್ಟುಕೊಂಡಿರುವ 38 ಮನೆಯವರು ಸೇರಿ ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸಿದೆವು. ಖರ್ಚು ಕಳೆದು 1,84,000 ರೂಪಾಯಿ ಉಳಿದಿದೆ. ಅದನ್ನು ಮಾಜಿ ಸೈನಿಕರಿಗೆ ಕೊಡಬೇಕೆಂಬುದರಲ್ಲಿ ಎರಡು ಮಾತಿಲ್ಲ, ಯಾರ ಮೂಲಕ ಎಂಬುದೇ ಜಗಳ. ಸೈನಿಕರ ಮಾನಸಿಕ ಆರೋಗ್ಯಕ್ಕಾಗಿ ದುಡಿಯುವ ಒಂದು ಸಂಸ್ಥೆ ‘ಹಣ ಪಡೆಯುತ್ತೇವೆ, ಆದರೆ ಕೋವಿಯ ಚಿತ್ರವಿರುವ ಬ್ಯಾನರಿನಲ್ಲಿ ನಮ್ಮ ಹೆಸರು ಹಾಕಬೇಡಿ’ ಎಂದಿತು. ನಮ್ಮಲ್ಲಿ ಅನೇಕರಿಗೆ ಇದು ಅವಮಾನವೆನಿಸಿದೆ. ಇನ್ನೊಂದು ಟ್ರಸ್ಟ್ ಕೋವಿ ಹಿಡಿದು ಫೋಟೋ ತೆಗೆಸಿಕೊಳ್ಳಲೂ ಸಿದ್ಧವಿದೆ. ಸರ್ಕಾರದ ನಿಧಿಗೇ ಹಾಕಿಬಿಡೋಣವೆಂದು ಕೆಲವರು ಹೇಳುತ್ತಾರೆ. ತಾವು ಏನು ಹೇಳುತ್ತೀರಿ?

ಸಂಪಾದಕರ ಉತ್ತರ:

ಮಾನ್ಯರೇ,

ತಮ್ಮ ಪತ್ರ ಬಂದು ಮೂರು ವಾರವಾಯಿತು. ಎರಡು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳುವ ಪ್ರಶ್ನೆ ಇದಲ್ಲವಾದ್ದರಿಂದ ತಡವಾಯಿತು, ಮನ್ನಿಸಬೇಕು.

ತಮ್ಮ ಸಭೆಯಲ್ಲಿ ಮಾತು ಬಿಸಿಯಾದದ್ದು ಬ್ಯಾನರಿನ ವಿಷಯಕ್ಕೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಮತ್ತೊಂದು ಗುಂಡು ಹಾರಿಸುವ ನಾಡಿನಲ್ಲಿ, ಹಬ್ಬದ ದಿನ ತೋಕ್ ಪೂ ಎಂಬ ಹೂವಿಟ್ಟು ಪೂಜಿಸುವ ವಸ್ತುವನ್ನು ಯಾರಾದರೂ ‘ಚಿತ್ರದಲ್ಲಿ ಬೇಡ’ ಎಂದರೆ ನೋವಾಗುವುದು ಸಹಜ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ 1861ರಲ್ಲಿ ಬ್ರಿಟಿಷ್ ಆಡಳಿತ ಕೊಟ್ಟ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲೂ ಮುಂದುವರಿದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಈ ಹಕ್ಕನ್ನು ಪದೇ ಪದೇ ಸಮರ್ಥಿಸಿಕೊಳ್ಳಬೇಕಾಗಿ ಬಂದಿರುವ ಜನ ಸಣ್ಣ ಮಾತಿಗೂ ಕಿವಿ ನಿಮಿರಿಸುವುದು ನನಗೆ ಅರ್ಥವಾಗುತ್ತದೆ.

ಆದರೂ ಆ ಸಂಸ್ಥೆ ತಮಗೆ ಅವಮಾನ ಮಾಡಿದೆಯೆಂದು ನನಗೆ ಅನ್ನಿಸುವುದಿಲ್ಲ. ಅದು ಕೆಲಸ ಮಾಡುತ್ತಿರುವುದು ನಿದ್ರೆ ಕಳೆದುಕೊಂಡವರ, ಗೆಳೆಯನ ಸಾವನ್ನು ಕಣ್ಣೆದುರಿನಿಂದ ಅಳಿಸಲಾಗದವರ, ಕೆಲವೊಮ್ಮೆ ಬದುಕೇ ಬೇಡವೆನ್ನಿಸಿದವರ ನಡುವೆ. ಅಂಥ ಒಬ್ಬರು ಮನೆಯಲ್ಲಿದ್ದರೆ ನಮ್ಮ ಹಿರಿಯರು ಏನು ಮಾಡುತ್ತಿದ್ದರೆಂದು ನೆನಪು ಮಾಡಿಕೊಳ್ಳಿ: ಯಾರಿಗೂ ಹೇಳದೆ ಗೋಡೆಯ ಕೋವಿಯನ್ನು ಇಳಿಸಿ, ತೋಟಾಗಳ ಸಮೇತ ಒಕ್ಕದ, ಅಂದರೆ ಕುಲದ, ಇನ್ನೊಂದು ಮನೆಗೆ ಕಳುಹಿಸುತ್ತಿದ್ದರು. ಕೋವಿಯ ಮೇಲಿನ ಗೌರವ ಕಡಿಮೆಯಾಗಿ ಹಾಗೆ ಮಾಡಿದವರಲ್ಲ ಅವರು. ಸಂಸ್ಥೆ ಕೇಳಿದ್ದೂ ಅಷ್ಟೇ. ಹಣ ಬೇಡವೆಂದಿಲ್ಲ, ತಮ್ಮ ಹಕ್ಕಿನ ಬಗ್ಗೆ ಒಂದು ಮಾತೂ ಆಡಿಲ್ಲ. ಬ್ಯಾನರಿನಲ್ಲಿ ಹೆಸರು ಇಲ್ಲದಿರುವುದನ್ನೇ ಕಾರಣವಾಗಿಸಿ ಆ ಸಂಸ್ಥೆಯನ್ನು ಪಟ್ಟಿಯಿಂದ ತೆಗೆಯಬಾರದು. ಫೋಟೋಗೆ ಒಪ್ಪಿದ್ದಾರೆಂಬ ಕಾರಣಕ್ಕೆ ಇನ್ನೊಂದನ್ನು ಮೇಲಕ್ಕೇರಿಸಲೂ ಬಾರದು.

ಇಂಥದೇ ಮುನಿಸು ಅಮೆರಿಕದಲ್ಲಿಯೂ ನಡೆದಿದೆ. ಅಲ್ಲಿ ಗಾಯಾಳು ಯೋಧರಿಗಾಗಿ ಇರುವ ವೂಂಡೆಡ್ ವಾರಿಯರ್ ಪ್ರಾಜೆಕ್ಟ್ ಎಂಬ ದೊಡ್ಡ ಸಂಸ್ಥೆ ಕೋವಿ ಕಂಪನಿಗಳ ಜೊತೆ ತನ್ನ ಲಾಂಛನ ಸೇರಿಸಲು ಹಿಂಜರಿಯುತ್ತದೆಂದು ಕೋವಿ ಇಟ್ಟುಕೊಂಡವರು ಅನೇಕರು ಸಿಟ್ಟಾದರು. ಆದರೆ ಸಂಸ್ಥೆಯ ಹೆಸರಿಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ದೇಣಿಗೆಯ ಹಣ ಅದ್ದೂರಿ ಸಮಾವೇಶ, ಪ್ರಯಾಣಗಳಿಗೆ ಹರಿಯುತ್ತಿದೆಯೆಂಬ ವರದಿಗಳು 2016ರ ಜನವರಿಯಲ್ಲಿ ಬಂದವು. ಮಾರ್ಚ್ ವೇಳೆಗೆ ಆಡಳಿತ ಮಂಡಳಿ ಅತ್ಯುನ್ನತ ಹುದ್ದೆಯ ಇಬ್ಬರನ್ನು ತೆಗೆದುಹಾಕಿತು. ಸಂಸ್ಥೆ ಬಳಿಕ ಆಡಳಿತ ಬದಲಿಸಿಕೊಂಡು ಕೆಲಸ ಮುಂದುವರಿಸಿದೆ. ಲಾಂಛನದ ಮೇಲೆ ಕಣ್ಣಿಟ್ಟವರು ಲೆಕ್ಕದ ಪುಸ್ತಕವನ್ನು ನೋಡಿರಲಿಲ್ಲ.

ನಾನು ಕೂಡ ಒಮ್ಮೆ ನೋಡಿರಲಿಲ್ಲ. ಹಲವು ವರ್ಷಗಳ ಹಿಂದೆ ಒಂದು ಟ್ರಸ್ಟಿನ ಮನವಿಯನ್ನು ನಮ್ಮ ಪತ್ರಿಕೆಯಲ್ಲಿ ಎರಡು ಸಲ ಪ್ರಕಟಿಸಿದೆವು, ಓದುಗರು ಉದಾರವಾಗಿ ಕೊಟ್ಟರು. ಆ ವರ್ಷದ ಸಮಾರಂಭಕ್ಕೆ ನನ್ನನ್ನೂ ಕರೆದಿದ್ದರು. ಮುಂದಿನ ಸಾಲಿನಲ್ಲಿ ಕೂರಿಸಿದ್ದ ವೀರನಾರಿಯರನ್ನು, ಅಂದರೆ ಮಡಿದ ಯೋಧರ ಪತ್ನಿಯರನ್ನು, ಒಬ್ಬೊಬ್ಬರಾಗಿ ವೇದಿಕೆಗೆ ಕರೆದು ಶಾಲು ಹೊದೆಸಿ, ಫಲಕ ಕೊಟ್ಟು, ಒಂದು ಲಕೋಟೆ ಕೈಗಿಟ್ಟು ಫೋಟೋ ತೆಗೆದರು. ತಿಂಗಳ ನಂತರ ಅವರಲ್ಲಿ ಒಬ್ಬರ ಮನೆಗೆ ಹೋಗುವ ಪ್ರಸಂಗ ಬಂತು. ಗೋಡೆಯ ಮೇಲೆ ಬೇರೆ ಬೇರೆ ಸಂಘಗಳು ಕೊಟ್ಟ ನಾಲ್ಕು ಫಲಕಗಳಿದ್ದವು, ಅದರ ಮೇಲಿನ ಹೆಂಚು ಒಡೆದ ಕಡೆ ನೀಲಿ ಟಾರ್ಪಾಲು. ಲಕೋಟೆಯಲ್ಲಿದ್ದದ್ದು 500 ರೂಪಾಯಿ. ಕರೆತಂದ ಜೀಪಿನ ಬಾಡಿಗೆ ಅದಕ್ಕಿಂತ ಹೆಚ್ಚು. ಆ ತಾಯಿ ದೂರಲಿಲ್ಲ, ‘ಕರೆದು ಮರ್ಯಾದೆ ಮಾಡಿದರಲ್ಲ’ ಎಂದರು. ಮನವಿ ಅಚ್ಚು ಮಾಡುವ ಮುನ್ನ ಲೆಕ್ಕ ಕೇಳದೇ ಇದ್ದದ್ದು ನಮ್ಮ ತಪ್ಪು. ಅಂದಿನಿಂದ ಲೆಕ್ಕ ಪರಿಶೋಧನೆಯ ವರದಿ ನೋಡದೆ ಯಾವ ಮನವಿಯನ್ನೂ ಪ್ರಕಟಿಸಿಲ್ಲ.

ಆದ್ದರಿಂದ ತಮ್ಮ ಬಳಿ ಬಂದಿರುವ ಎರಡು ಸಂಸ್ಥೆಗಳಿಂದಲೂ ಕಳೆದ ಮೂರು ವರ್ಷದ ಲೆಕ್ಕ ತರಿಸಿಕೊಳ್ಳಿ. ಬಂದ ನೂರು ರೂಪಾಯಿಯಲ್ಲಿ ಸೈನಿಕನ ಮನೆಗೆ ಹೋದದ್ದೆಷ್ಟು, ಕಚೇರಿ, ಸಂಬಳ, ಸಮಾರಂಭಕ್ಕೆ ಹೋದದ್ದೆಷ್ಟು ಎಂದು ನೇರವಾಗಿ ಕೇಳಿ. ಸಂಬಳ ಕೊಡುವುದು ತಪ್ಪಲ್ಲ. ಮನೋವೈದ್ಯರು, ಆಪ್ತ ಸಮಾಲೋಚಕರು ಪುಕ್ಕಟೆಯಾಗಿ ವರ್ಷವಿಡೀ ದುಡಿಯಲಾರರು. ಸಮಾರಂಭದ ಖರ್ಚು ನೆರವಿನ ಖರ್ಚನ್ನು ಮೀರಿದರೆ ಮಾತ್ರ ಎದ್ದು ಬನ್ನಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇರುವ ಸಂಘವಾದರೆ ಪ್ರತಿವರ್ಷ ನೋಂದಣಾಧಿಕಾರಿಗೆ ಲೆಕ್ಕ ಸಲ್ಲಿಸಲೇಬೇಕು, ಆದ್ದರಿಂದ ‘ಸಿದ್ಧವಿಲ್ಲ’ ಎಂಬ ಉತ್ತರಕ್ಕೆ ಬೆಲೆಯಿಲ್ಲ. ಇನ್ನು 80ಜಿ ಪ್ರಮಾಣಪತ್ರವನ್ನು ತೋರಿಸಿ ‘ಸರ್ಕಾರವೇ ನಮ್ಮನ್ನು ಒಪ್ಪಿದೆ’ ಎನ್ನುವವರಿದ್ದಾರೆ. ಆ ಪ್ರಮಾಣಪತ್ರ ತೆರಿಗೆಗೆ ಸಂಬಂಧಿಸಿದ್ದು, ಕೆಲಸದ ಗುಣಮಟ್ಟಕ್ಕಲ್ಲ.

ಸರ್ಕಾರದ ನಿಧಿಗಳ ವಿಷಯದಲ್ಲಿ ಜನರಲ್ಲಿ ಬಹಳ ಗೊಂದಲವಿದೆ. ಡಿಸೆಂಬರ್ 7ರಂದು ನಾವು ಎದೆಗೆ ಚುಚ್ಚಿಕೊಳ್ಳುವ ಪುಟ್ಟ ಬಾವುಟದ ಹಣ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿಗೆ ಹೋಗುತ್ತದೆ. 1949ರಿಂದ ನಡೆದುಬಂದ ಪದ್ಧತಿಯಿದು, ನೋಡಿಕೊಳ್ಳುವುದು ಕೇಂದ್ರೀಯ ಸೈನಿಕ ಮಂಡಳಿ. ಯುದ್ಧ, ಕಾರ್ಯಾಚರಣೆಗಳಲ್ಲಿ ಮಡಿದ ಅಥವಾ ಗಾಯಗೊಂಡ ಯೋಧರ ಕುಟುಂಬಗಳಿಗಾಗಿ ಇನ್ನೊಂದು ನಿಧಿಯಿದೆ. ಅದರ ಹುಟ್ಟಿಗೂ ನಮ್ಮ ನಾಡಿಗೂ ನಂಟುಂಟು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಹತ್ತು ಯೋಧರು ಹೂತುಹೋದಾಗ, ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕು ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ್ ಅವರಿಗಾಗಿ ಇಡೀ ದೇಶ ಮಿಡಿಯಿತು. ನೆರವು ಕೊಡುತ್ತೇವೆಂದು ಮುಂದೆ ಬಂದ ಜನರ ಒತ್ತಾಸೆಯಿಂದಲೇ ಆ ನಿಧಿ ರೂಪುಗೊಂಡಿತು. 2022ರ ಅಕ್ಟೋಬರಿನಲ್ಲಿ ಅದಕ್ಕೆ ‘ಮಾ ಭಾರತಿ ಕೆ ಸಪೂತ್’ ಎಂಬ ಜಾಲತಾಣವೂ ಬಂತು. ‘ಭಾರತ್ ಕೆ ವೀರ್’ ಇದಲ್ಲ. 2017ರಲ್ಲಿ ಗೃಹ ಸಚಿವಾಲಯ ಆರಂಭಿಸಿದ ಅದು ಸಿಆರ್‌ಪಿಎಫ್, ಬಿಎಸ್‌ಎಫ್ ಮುಂತಾದ ಕೇಂದ್ರ ಪಡೆಗಳಿಗೆ ಸೇರಿದ್ದು. ಎರಡೂ ಯೋಗ್ಯವೇ, ಆದರೆ ಎಲ್ಲಿಗೆ ಕೊಡುತ್ತಿದ್ದೇವೆಂದು ತಿಳಿದು ಕೊಡಬೇಕು. ಒಂದು ಎಚ್ಚರಿಕೆ: ವಾಟ್ಸಾಪಿನಲ್ಲಿ ಬರುವ ಬ್ಯಾಂಕ್ ಖಾತೆಯ ಸಂಖ್ಯೆಗೆ ಹಣ ಹಾಕಬೇಡಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಅಂಥ ಸಂದೇಶವೊಂದು ಹರಿದಾಡಿ, ಅದು ದಾರಿ ತಪ್ಪಿಸುವಂಥದ್ದೆಂದು ರಕ್ಷಣಾ ಸಚಿವಾಲಯವೇ ಹೇಳಬೇಕಾಯಿತು.

ಇಷ್ಟಾದರೂ ಇಡೀ ಹಣವನ್ನು ದೆಹಲಿಯ ನಿಧಿಗೆ ಹಾಕಿರೆಂದು ನಾನು ಹೇಳಲಾರೆ. ಕಾರಣ ಹೇಳುತ್ತೇನೆ.

ಸೇನೆಯಲ್ಲಿ ಜವಾನನಿಗೆ ಪಿಂಚಣಿ ಸಿಗಲು ಸಾಮಾನ್ಯವಾಗಿ 15 ವರ್ಷದ ಸೇವೆ ಬೇಕು. ಅದಕ್ಕೆ ಮೊದಲೇ ಮನೆಯ ಕಷ್ಟಕ್ಕೋ ಬೇರೆ ಕಾರಣಕ್ಕೋ ಹೊರಬಂದವರಿಗೆ ಪಿಂಚಣಿಯಿಲ್ಲ. ಕಳೆದ ಮಳೆಗಾಲದಲ್ಲಿ ನಾನು ಕಂಡ ಒಬ್ಬ ಹಿರಿಯರು 1971ರ ಯುದ್ಧದ ಕಾಲದಲ್ಲಿ ಸಮವಸ್ತ್ರದಲ್ಲಿದ್ದವರು, ಒಂಬತ್ತು ವರ್ಷ ಸೇವೆ ಮಾಡಿ, ಅಪ್ಪ ತೀರಿಕೊಂಡಾಗ ಊರಿಗೆ ಬಂದವರು. ಇಂಥವರಿಗಾಗಿಯೇ ಧ್ವಜ ದಿನಾಚರಣೆ ನಿಧಿಯಿಂದ ಒಂದು ಸಹಾಯಧನವಿದೆ: 65 ವರ್ಷ ದಾಟಿದ, ಪಿಂಚಣಿಯಿಲ್ಲದ, ಹವಾಲ್ದಾರ್ ದರ್ಜೆಯವರೆಗಿನ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ತಿಂಗಳಿಗೆ 4,000 ರೂಪಾಯಿ ಇದ್ದದ್ದು, 2025ರ ನವೆಂಬರ್ 1ರಿಂದ 8,000 ಆಗಿದೆ. ಮಕ್ಕಳ ಓದಿಗೆ ತಿಂಗಳಿಗೆ 2,000, ಮಗಳ ಮದುವೆಗೆ ಒಂದು ಲಕ್ಷ ಎಂದು ಉಳಿದವೂ ಆಗಲೇ ಇಮ್ಮಡಿಯಾದವು. ಆ ಹಿರಿಯರಿಗೆ ಇದೇನೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಅರ್ಜಿ ಹಾಕಲು ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ ಬೇಕಲ್ಲ. ಅವರ ಬುಕ್ಕಿನ ಮೊದಲ ಎರಡು ಹಾಳೆಗಳನ್ನು ಗೆದ್ದಲು ತಿಂದಿತ್ತು. ಉಳಿದದ್ದನ್ನು ಅವರ ಹೆಂಡತಿ ಖಾಲಿ ಗೊಬ್ಬರದ ಚೀಲದಲ್ಲಿ ಸುತ್ತಿ, ಒಲೆಯ ಬಿಸಿ ತಾಗುವಂತೆ ಅಟ್ಟದ ಮೇಲೆ ಇಟ್ಟಿದ್ದರು. ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆದು ನಕಲು ತರಿಸಬೇಕು, ಹೆಸರಿನ ಕಾಗುಣಿತ ಆಧಾರ್ ಕಾರ್ಡಿಗೆ ಹೊಂದದಿದ್ದರೆ ಅಫಿಡವಿಟ್ ಮಾಡಿಸಬೇಕು, ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಹಲವು ಸಲ ಓಡಾಡಬೇಕು. ಮೊಣಕಾಲು ನೋವಿನ ಒಬ್ಬ ಮುದುಕರಿಗೆ ಬಸ್ಸಿಲ್ಲದ ಊರಿನಿಂದ ಪ್ರತಿಸಲ ಜೀಪು ಮಾಡಿಕೊಂಡು ಹೋಗುವುದು ಆಗುವ ಮಾತೇ?

ತಮ್ಮ ಹಣ ನಿಜವಾಗಿ ಕೆಲಸ ಮಾಡುವುದು ಇಲ್ಲಿ. ದೊಡ್ಡ ನಿಧಿಗೆ ಹಾಕಿದ 1,84,000 ರೂಪಾಯಿ ಆ ನಿಧಿಯೊಳಗೆ ಸೇರಿಹೋಗುತ್ತದೆ. ಅದೇ ಹಣದಲ್ಲಿ ಒಂದಂಶವನ್ನು ಓಡಾಟ, ಜೆರಾಕ್ಸ್, ಅಫಿಡವಿಟ್‌ಗಳಿಗೆ ತೆಗೆದಿಟ್ಟು, ತಾಲ್ಲೂಕಿನಲ್ಲಿ ಪಿಂಚಣಿಯಿಲ್ಲದೆ ಉಳಿದಿರುವವರನ್ನು ಹುಡುಕಿ ಅರ್ಜಿ ಹಾಕಿಸಿದರೆ, ಮಂಜೂರಾದ ಒಬ್ಬೊಬ್ಬರಿಗೂ ವರ್ಷಕ್ಕೆ 96,000 ರೂಪಾಯಿ ಬರುತ್ತದೆ. ಇಬ್ಬರಿಗೆ ಮಂಜೂರಾದರೂ ತಾವು ಕೂಡಿಸಿದ ಮೊತ್ತವನ್ನು ಒಂದೇ ವರ್ಷದಲ್ಲಿ ಮೀರಿತು. ಈ ಕೆಲಸಕ್ಕೆ ಹೊಸ ಟ್ರಸ್ಟ್ ಬೇಡ. ತಮ್ಮ 38 ಮನೆಗಳಲ್ಲೇ ಸೇನೆಯಲ್ಲಿ ಗುಮಾಸ್ತರಾಗಿ ದುಡಿದು ನಿವೃತ್ತರಾದವರು ಒಬ್ಬರಾದರೂ ಇರಬಹುದು, ಕಾಗದಪತ್ರಗಳ ದಾರಿ ಅವರಿಗೆ ಕರತಲಾಮಲಕ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಸಮವಸ್ತ್ರ ಕಳಚಿಟ್ಟ ಮೇಲೂ ಮಾಜಿ ಸೈನಿಕರಿಗಾಗಿ ಸಂಘ ಕಟ್ಟಿ ದುಡಿದ ನಾಡು ತಮ್ಮದು. ಸ್ಥಳೀಯ ಮಾಜಿ ಸೈನಿಕರ ಸಂಘದವರು ಕೈಜೋಡಿಸದೇ ಇರಲಾರರು.

ಮುಂದೆ ಬರಲಿರುವ ಒಂದು ಕಷ್ಟವನ್ನೂ ಈಗಲೇ ಗಮನದಲ್ಲಿಟ್ಟುಕೊಳ್ಳಿ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಸೇರಿದವರಲ್ಲಿ ಸೇನೆ ಉಳಿಸಿಕೊಳ್ಳದವರು ನಾಲ್ಕು ವರ್ಷಕ್ಕೆ ಹೊರಬರುತ್ತಾರೆ. ಯೋಜನೆ ಜಾರಿಯಾದಾಗಿನ ನಿಯಮದಂತೆ ಅವರಿಗೆ ಪಿಂಚಣಿಯಿಲ್ಲ, ಮಾಜಿ ಸೈನಿಕರೆಂಬ ಸ್ಥಾನವೂ ಇಲ್ಲ. ಮಾಜಿ ಸೈನಿಕರಿಗೆಂದೇ ನಿಯಮ ಬರೆದುಕೊಂಡಿರುವ ಸಂಸ್ಥೆಗಳು ಅವರನ್ನು ಬಾಗಿಲಲ್ಲೇ ನಿಲ್ಲಿಸಬಹುದು. ಯಾವ ಸಂಸ್ಥೆಗೆ ಕೊಟ್ಟರೂ ಈ ಹುಡುಗರನ್ನು ಹೇಗೆ ಕಾಣುತ್ತೀರೆಂದು ಕೇಳಿ. ಉತ್ತರದಿಂದ ಸಂಸ್ಥೆಯ ದೂರದೃಷ್ಟಿ ತಿಳಿಯುತ್ತದೆ.

ಗಾಯಾಳುಗಳಿಗೇ ಕೊಡಬೇಕೆಂಬ ಆಸೆ ಸಭೆಯಲ್ಲಿ ಇದ್ದರೆ ಪುಣೆಯ ಖಡ್ಕಿಯಲ್ಲಿ 1974ರಿಂದ ನಡೆಯುತ್ತಿರುವ ಪಾರ್ಶ್ವವಾಯು ಪೀಡಿತ ಯೋಧರ ಪುನರ್ವಸತಿ ಕೇಂದ್ರವನ್ನು ಹೇಳುತ್ತೇನೆ. ಬೆನ್ನುಹುರಿ ಮುರಿದು ಸೊಂಟದ ಕೆಳಗೆ, ಕೆಲವರಿಗೆ ಕುತ್ತಿಗೆಯ ಕೆಳಗೆ ಚಲನೆಯಿಲ್ಲದ ಸೈನಿಕರು ಅಲ್ಲಿದ್ದಾರೆ. ಕುಂಚವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಚಿತ್ರ ಬರೆಯುವವರೂ ಅವರಲ್ಲಿ ಇದ್ದಾರೆ. ಒಂದು ಗಾಲಿಕುರ್ಚಿ, ಹುಣ್ಣಾಗದಂತೆ ತಡೆಯುವ ಒಂದು ಹಾಸಿಗೆ ಅವರಿಗೆ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕೈಯಲ್ಲಿ ಈ ಹಣವಿದ್ದಿದ್ದರೆ 80,000 ರೂಪಾಯಿಯನ್ನು ಪಿಂಚಣಿಯಿಲ್ಲದವರನ್ನು ಹುಡುಕಿ ಅರ್ಜಿ ಹಾಕಿಸುವ ಕೆಲಸಕ್ಕೂ ಮಂಜೂರಾತಿ ಬರುವವರೆಗೆ ಅವರ ಔಷಧಿಗೂ ಇಡುತ್ತಿದ್ದೆ. 50,000ವನ್ನು ಖಡ್ಕಿಗೆ ಕಳುಹಿಸುತ್ತಿದ್ದೆ. ಉಳಿದ 54,000ವನ್ನು, ಲೆಕ್ಕ ಸರಿಯಿದ್ದರೆ, ಬ್ಯಾನರಿನಲ್ಲಿ ಹೆಸರು ಬೇಡವೆಂದ ಆ ಸಂಸ್ಥೆಗೇ ಕೊಡುತ್ತಿದ್ದೆ. ಕೊಡುವಾಗ ಕೊಡಗಿಗೆ ಬಂದು ತಮ್ಮ ಊರಿನಲ್ಲಿ ಒಂದು ದಿನ ಕೂತು, ಸೈನಿಕರ ಮನೆಯವರೊಡನೆ ಮಾತಾಡಬೇಕೆಂದು ಷರತ್ತು ಹಾಕುತ್ತಿದ್ದೆ. ಕೋವಿಯಿರುವ ಮನೆಯಲ್ಲಿ ನೊಂದ ಮನಸ್ಸೊಂದು ಇದ್ದರೆ ಏನು ಮಾಡಬೇಕೆಂಬ ಮಾತು ಅವರಿಗೂ ತಮಗೂ ಒಟ್ಟಿಗೆ ಆಡಲು ಬರುವಂಥದ್ದು. ತಮ್ಮ ಸಭೆ ಬೇರೆ ರೀತಿ ಹಂಚಿದರೂ ನನ್ನ ತಕರಾರಿಲ್ಲ. ಚೆಕ್ ಬರೆಯುವ ಮೊದಲು ಲೆಕ್ಕ ನೋಡಿರಲಿ.

ಆ ಹಿರಿಯರ ಅರ್ಜಿ ಈಗ ರೆಕಾರ್ಡ್ ಆಫೀಸಿನ ಉತ್ತರಕ್ಕಾಗಿ ಕಾಯುತ್ತಿದೆ. ತಾವು ಇಂಥವರನ್ನು ಕಂಡರೆ ಸೇವಾ ಸಂಖ್ಯೆ, ರೆಜಿಮೆಂಟಿನ ಹೆಸರು, ಸೇರಿದ ಮತ್ತು ಬಿಟ್ಟ ವರ್ಷ, ಇಷ್ಟನ್ನು ಮೊದಲು ಬರೆದುಕೊಳ್ಳಿ. ಬುಕ್ ಕಳೆದುಹೋಗಿದ್ದರೂ ಹುಡುಕಾಟಕ್ಕೆ ಅಷ್ಟು ಆಧಾರವಾಗುತ್ತದೆ. ಅರ್ಜಿ ನಮೂನೆಗಳು ಮಡಿಕೇರಿಯ ಕಚೇರಿಯಲ್ಲಿ ಸಿಗುತ್ತವೆ, ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದ ಮೂಲಕವೂ ಅರ್ಜಿ ಸಲ್ಲಿಸಬಹುದು.

— ಸಂ.