ಘಾಟಿ ಇಳಿಯೋ ರೈಲು ನಡುವೆ ಯಾಕೆ ನಿಲ್ಲತ್ತೆ? ಓದುಗರ ರೈಲು ಪ್ರಶ್ನೆಗಳು

ಪ್ರಶ್ನೆ: ಮಂಗಳೂರಿಂದ ಬೆಂಗಳೂರಿಗೆ ಬರೋವಾಗ ಸುಬ್ರಹ್ಮಣ್ಯ ರೋಡ್‌ನಲ್ಲಿ ರೈಲಿನ ಹಿಂದೆ ಬೇರೆ ಎಂಜಿನ್ ಸೇರಿಸಿದ್ರು. ಮುಂದೇನೇ ಹಾಕಬಹುದಿತ್ತಲ್ವಾ? ಮತ್ತೆ ಇಳಿಯೋವಾಗ ಘಾಟಿ ಸ್ಟೇಷನ್ ಹತ್ರ ಬಂದು ಸುಮ್ನೆ ನಿಂತುಬಿಡತ್ತಲ್ಲ, ಅದ್ಯಾಕೆ? (ಓದುಗರು, ಪುತ್ತೂರು)

ಉತ್ತರ: ಹಿಂದಿನಿಂದ ತಳ್ಳೋ ಆ ಎಂಜಿನ್ನಿಗೆ ಬ್ಯಾಂಕರ್ ಅಂತಾರೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ಏರು 50ಕ್ಕೆ 1, ಅಂದ್ರೆ 50 ಮೀಟರ್ ಮುಂದೆ ಹೋದ್ರೆ 1 ಮೀಟರ್ ಮೇಲೆ ಹತ್ತಬೇಕು, ಅದೂ ಸುರಂಗ, ಸೇತುವೆ, ತಿರುವುಗಳ ಮಧ್ಯೆ. ಎಲ್ಲಾ ಶಕ್ತಿ ಮುಂದಿನಿಂದಲೇ ಎಳೆದ್ರೆ ಎಂಜಿನ್ನಿಗೂ ಮೊದಲನೇ ಬೋಗಿಗೂ ನಡುವಿನ ಕಪ್ಲಿಂಗ್ (ಜೋಡಿಸೋ ಕೊಂಡಿ) ಮೇಲೆ ಇಡೀ ರೈಲಿನ ಭಾರ ಬೀಳತ್ತೆ, ಹಿಂದಿನಿಂದ ಒಬ್ಬರು ತಳ್ಳಿದ್ರೆ ಆ ಭಾರ ಹಂಚಿಹೋಗತ್ತೆ, ಒಂದು ವೇಳೆ ಕಪ್ಲಿಂಗ್ ಬಿಟ್ರೂ ಬೋಗಿಗಳು ಹಿಂದಕ್ಕೆ ಜಾರದ ಹಾಗೆ ಕೆಳಗಡೆ ಎಂಜಿನ್ ಇರತ್ತೆ. ಬ್ರೇಕ್ ಪೈಪ್ ಹರಿದ್ರೆ ಅದರೊಳಗಿನ ಗಾಳಿ ಹೊರಗೆ ಹೋಗಿ ಬ್ರೇಕ್ ತಾನಾಗೇ ಹಿಡಿಯತ್ತೆ, ಅದು ಬೇರೆ ಮಾತು, ಆದ್ರೆ ಘಾಟಿಯಲ್ಲಿ ಒಂದೇ ರಕ್ಷಣೆ ನಂಬ್ಕೊಂಡು ಯಾರೂ ಕೂರಲ್ಲ.

ನಿಲ್ಲೋ ವಿಷಯಕ್ಕೆ ಬಂದ್ರೆ, ಅಲ್ಲಿ ಕ್ಯಾಚ್ ಸೈಡಿಂಗ್ ಅಂತ ಒಂದು ಪಕ್ಕದ ಹಳಿ ಇರತ್ತೆ. ಇಳಿಜಾರಿನ ಕೊನೇಲಿ, ಸ್ಟೇಷನ್ನಿಗೆ ಸ್ವಲ್ಪ ಮುಂಚೆ ಮುಖ್ಯ ಹಳಿಯಿಂದ ಕವಲೊಡೆದು ಏರುಮುಖವಾಗಿ ಹೋಗಿ ಅಲ್ಲೇ ಮುಗಿದುಹೋಗತ್ತೆ. ಪಾಯಿಂಟ್ಸ್, ಅಂದ್ರೆ ರೈಲು ಯಾವ ಹಳಿಗೆ ಹೋಗ್ಬೇಕು ಅಂತ ತಿರುಗಿಸೋ ಸರಿಯೋ ಹಳಿಗಳು, ಯಾವಾಗ್ಲೂ ಅದರ ಕಡೆಗೇ ಇರತ್ತೆ, ಇದನ್ನ ಗಮನಿಸಿ. ರೈಲು ಬಂದು ಪೂರ್ತಿ ನಿಂತ್ಮೇಲೇನೇ ಪಾಯಿಂಟ್ಸ್ ಮುಖ್ಯ ಹಳಿಗೆ ತಿರುಗಿಸಿ ಸಿಗ್ನಲ್ ಕೊಡ್ತಾರೆ. ಅಂದ್ರೆ ಲೋಕೋ ಪೈಲಟ್ ತನ್ನ ಬ್ರೇಕ್ ಹಿಡಿತದಲ್ಲಿದೆ ಅಂತ ಪ್ರತಿ ಸಲ ತೋರಿಸಿಕೊಡ್ಬೇಕು. ಬ್ರೇಕ್ ಸಿಗದೆ ಓಡಿಬಂದ್ರೆ ಅದು ಸ್ಟೇಷನ್ನಲ್ಲಿ ನಿಂತಿರೋ ರೈಲಿಗೆ ಗುದ್ದೋ ಬದಲು ಆ ಏರಿಗೆ ಹತ್ತಿ ವೇಗ ಕಳ್ಕೊಳ್ಳತ್ತೆ. ಹಾಗಾಗಿ ದಯವಿಟ್ಟು ಆ ಐದತ್ತು ನಿಮಿಷಕ್ಕೆ ಸಿಟ್ಟಾಗ್ಬೇಡಿ, ಇಷ್ಟು ಯೋಚ್ನೆ ಮಾಡಿ ಕಟ್ಟಿರೋ ವ್ಯವಸ್ಥೆ ಅದು.

ಪ್ರಶ್ನೆ: ಕೊನೇ ಬೋಗಿ ಹಿಂದೆ ಹಳದಿ ಗುಣಾಕಾರ ಚಿಹ್ನೆ ಯಾಕೆ? (ವಿದ್ಯಾರ್ಥಿನಿ, ಅರಸೀಕೆರೆ)

ಉತ್ತರ: ಇದೇ ಕೊನೇ ಬೋಗಿ, ರೈಲು ಪೂರ್ತಿ ಬಂತು ಅಂತ ಸ್ಟೇಷನ್ನಿನವರಿಗೆ ಗೊತ್ತಾಗೋಕೆ. ಎಲ್‌ವಿ (ಲಾಸ್ಟ್ ವೆಹಿಕಲ್, ಅಂದ್ರೆ ಕೊನೇ ಬೋಗಿ) ಅಂತ ಬರೆದ ಬೋರ್ಡೂ ನೇತಾಡ್ತಿರತ್ತೆ, ರಾತ್ರಿ ಕೆಂಪು ದೀಪ. ಅದು ಕಾಣ್ಲಿಲ್ಲ ಅಂದ್ರೆ ಹಿಂದೆ ಬೋಗಿ ಕಳಚಿ ಹಳಿ ಮೇಲೇ ಉಳಿದಿರಬಹುದು, ಆಗ ಅದೇ ಹಳಿಗೆ ಮುಂದಿನ ರೈಲು ಬಿಡೋ ಹಾಗಿಲ್ಲ. ಈಗ ಬಹಳ ಕಡೆ ಆಕ್ಸಲ್ ಕೌಂಟರ್ ಬಂದಿದೆ, ಹೋದ ಚಕ್ರ ಎಷ್ಟು ಬಂದ ಚಕ್ರ ಎಷ್ಟು ಅಂತ ಅದೇ ಲೆಕ್ಕ ಹಾಕತ್ತೆ.

ಪ್ರಶ್ನೆ: ಹಿಂದೆಲ್ಲ ಓಡೋ ರೈಲಿನವರು ದೊಡ್ಡ ಬಳೆ ಥರದ್ದೊಂದನ್ನ ಕೈಯಲ್ಲಿ ಹಿಡ್ಕೊತಿದ್ರು, ಅದೇನು? (ನಿವೃತ್ತ ಶಿಕ್ಷಕರು, ಬೀರೂರು)

ಉತ್ತರ: ಟೋಕನ್ ಸಾರ್. ಬಳೆಗೆ ಕಟ್ಟಿದ ಚೀಲದೊಳಗೆ ಲೋಹದ ಚೆಂಡೊಂದು ಇರ್ತಿತ್ತು, ಒಂಟಿ ಹಳಿಯಲ್ಲಿ ಮುಂದಿನ ಸ್ಟೇಷನ್ ತನಕ ಹೋಗೋಕೆ ಅದೇ ಅನುಮತಿ. ಎರಡು ಸ್ಟೇಷನ್ನಿನ ಯಂತ್ರಗಳು ತಂತಿಯಿಂದ ಒಂದಕ್ಕೊಂದು ಬೆಸೆದಿರ್ತಿದ್ವು, ಒಂದು ಚೆಂಡು ಹೊರಗೆ ಬಂದ್ರೆ ಅದು ವಾಪಸ್ ಯಾವ್ದಾದ್ರೂ ಒಂದು ಯಂತ್ರದೊಳಗೆ ಬೀಳೋ ತನಕ ಇನ್ನೊಂದು ಬರ್ತಿರ್ಲಿಲ್ಲ, ಹಾಗಾಗಿ ಎದುರಿಂದ ಬರೋ ರೈಲಿನವರ ಹತ್ರ ಅದೇ ಹಳಿಯ ಟೋಕನ್ ಇರೋಕೇ ಸಾಧ್ಯ ಇಲ್ಲ. ನಿಲ್ಲದ ರೈಲಾದ್ರೆ ಪ್ಲಾಟ್‌ಫಾರ್ಮಲ್ಲಿ ನಿಂತ ಸಿಬ್ಬಂದಿ ಬಳೆ ಎತ್ತಿ ಹಿಡೀತಿದ್ರು, ಎಂಜಿನ್ನಿನವರು ತೋಳು ತೂರಿಸಿ ಅದನ್ನ ತಗೊಂಡು ಹಳೇದನ್ನ ಕೆಳಗೆ ಎಸೀತಿದ್ರು. ಕೈ ತಪ್ಪಿದ್ರೆ ರೈಲು ನಿಲ್ಲಿಸ್ಲೇಬೇಕು, ಟೋಕನ್ ಇಲ್ದೆ ಒಂದು ಹೆಜ್ಜೆ ಮುಂದೆ ಹೋಗೋ ಹಾಗಿರ್ಲಿಲ್ಲ.